ಬೊಮ್ಮಸಂದ್ರದಲ್ಲಿ ಬಾಡಿಗೆಗೆಂದು ಫ್ಲ್ಯಾಟ್ ಕೊಳ್ಳುವುದು ಲೆಕ್ಕಕ್ಕೆ ಸರಿಹೋಗುತ್ತದೆಯೇ?

ಪ್ರಶ್ನೆ: ನಾನು ಶಿವಮೊಗ್ಗದ ನಿವಾಸಿ. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ಹಳದಿ ಮಾರ್ಗದ ಮೆಟ್ರೊ ಆರಂಭವಾದ ಮೇಲೆ ಬೊಮ್ಮಸಂದ್ರದ ಸುತ್ತ ಬಾಡಿಗೆ ಏರುತ್ತಲೇ ಇರುತ್ತದೆ ಎಂದು ಮಧ್ಯವರ್ತಿ ಹೇಳುತ್ತಾರೆ. 70 ಲಕ್ಷ ರೂಪಾಯಿಯ ಫ್ಲ್ಯಾಟಿಗೆ ತಿಂಗಳಿಗೆ 22,000 ಬಾಡಿಗೆ ಬರಬಹುದಂತೆ. ಅರ್ಧ ಹಣವನ್ನು ಸಾಲ ಮಾಡಿ ಕೊಳ್ಳುವುದು ಸೂಕ್ತವೇ? ದೂರದಿಂದ ಅದನ್ನು ನೋಡಿಕೊಳ್ಳುವುದು ಹೇಗೆ?

ಉತ್ತರ 1: ಮೆಟ್ರೊ ಬಂದ ಮೇಲೆ ಏರಬೇಕಾದ ಬೆಲೆಯನ್ನು ಮಾರುವವರು ಈಗಾಗಲೇ ಆ 70 ಲಕ್ಷದಲ್ಲಿ ಸೇರಿಸಿರುತ್ತಾರೆ ಎಂಬುದನ್ನು ಮರೆಯಬೇಡಿ. ವರ್ಷದ ಬಾಡಿಗೆ 2,64,000, ಅಂದರೆ ಬೆಲೆಯ ಶೇ. 3.8ಕ್ಕಿಂತ ಕಡಿಮೆ, ಒಂದು ತಿಂಗಳು ಮನೆ ಖಾಲಿ ಬಿದ್ದು, ಸ್ವಂತ ವಾಸದ ಮನೆಗಿಂತ ಹೆಚ್ಚಿನ ದರದ ಆಸ್ತಿ ತೆರಿಗೆಯನ್ನೂ ನಲ್ಲಿ, ವೈರಿಂಗ್ ದುರಸ್ತಿಯನ್ನೂ ಕಳೆದರೆ ಕೈಗೆ ಉಳಿಯುವುದು ಶೇ. 3ರ ಆಸುಪಾಸು. ಮುದ್ರಾಂಕ ಶುಲ್ಕ ಮತ್ತು ನೋಂದಣಿಗೆ ಸುಮಾರು 5 ಲಕ್ಷ ಬೇರೆ ಬೇಕು. ಶೇ. 8ರ ಬಡ್ಡಿಗೆ 35 ಲಕ್ಷ ಸಾಲ ತಂದರೆ ಮೊದಲ ವರ್ಷದ ಬಡ್ಡಿಯೇ ಸುಮಾರು 2,80,000, ಅಂದರೆ ಇಡೀ ಬಾಡಿಗೆಯೂ ಅದಕ್ಕೆ ಸಾಲದು.

ಉತ್ತರ 2: ಲೆಕ್ಕ ಸರಿಯಾಗಿದೆ, ಆದರೆ ಹಳೆಯ ತೆರಿಗೆ ಪದ್ಧತಿಯಾಗಲಿ ಹೊಸದಾಗಲಿ, ಬಾಡಿಗೆ ಆದಾಯದಲ್ಲಿ ಶೇ. 30ರಷ್ಟು ಕಡಿತ ಸಿಗುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ. ಮಾರುವವರಿಗೆ ಮುಂಗಡ ಕೊಡುವ ಮೊದಲು ಇ-ಖಾತೆ (ಸ್ಥಳೀಯ ಸಂಸ್ಥೆಯಲ್ಲಿರುವ ಆಸ್ತಿಯ ಡಿಜಿಟಲ್ ದಾಖಲೆ) ನೋಡಿ. 11 ತಿಂಗಳ ಕರಾರಿನಲ್ಲಿ ಬಾಡಿಗೆ ಏರಿಕೆ, ಬಾಡಿಗೆದಾರರ ಮುಂಗಡದಿಂದ ಬಣ್ಣಕ್ಕೆ ಹಿಡಿಯುವ ಹಣ (ಬೆಂಗಳೂರಿನ ಜಗಳಗಳೆಲ್ಲ ಇಲ್ಲೇ ಹುಟ್ಟುವುದು) ಮತ್ತು ದುರಸ್ತಿಯ ಹೊಣೆಯನ್ನು ಸ್ಪಷ್ಟವಾಗಿ ಬರೆಸಿ, ಬೀಗದ ಕೈ ಕೊಡುವ ದಿನ ಪ್ರತಿ ಕೋಣೆಯ ಫೋಟೊ ತೆಗೆದಿಡಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಸಾಲದ ಆಲೋಚನೆಯನ್ನು ಕೈಬಿಟ್ಟು, ಕೈಯಲ್ಲಿರುವ 35 ಲಕ್ಷದೊಳಗೆ ಶಿವಮೊಗ್ಗದಲ್ಲೇ ಏನಾದರೂ ಸಿಗುವುದೇ ಎಂದು ಮೊದಲು ನೋಡುತ್ತೇನೆ.