ಇಂಗಾಲಕ್ಕೆ ಮ್ಯಾಂಗನೀಸ್ ಆಕ್ಸೈಡ್ ಸೇರಿಸಿದ ಮೇಲೆ ವೇಗದ ಅಳತೆಯಲ್ಲಿ ಧಾರಕತೆ ಕುಸಿಯುತ್ತಿದೆ, ಏಕೆ?

ಪ್ರಶ್ನೆ:
ವಿದ್ಯುತ್ ಕೂಡಿಡುವ ಧಾರಕಕ್ಕಾಗಿ (ಕೆಪಾಸಿಟರ್) ಸಕ್ರಿಯ ಇಂಗಾಲದ ಪುಡಿಯನ್ನು ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ದ್ರಾವಣದಲ್ಲಿ 70 ಡಿಗ್ರಿ ಶಾಖದಲ್ಲಿ ಆರು ಗಂಟೆ ಕಲಕಿ, ಅದರ ಮೇಲೆ ಮ್ಯಾಂಗನೀಸ್ ಡೈಆಕ್ಸೈಡ್ ಕೂರಿಸಿದ್ದೇನೆ. ಸೋಡಿಯಂ ಸಲ್ಫೇಟ್ ದ್ರಾವಣದಲ್ಲಿ ವೋಲ್ಟೇಜನ್ನು ಸೆಕೆಂಡಿಗೆ 5 ಮಿಲಿವೋಲ್ಟ್ ವೇಗದಲ್ಲಿ ಏರಿಸಿ ಇಳಿಸಿ ಅಳೆದರೆ ಧಾರಕತೆ, ಅಂದರೆ ವಿದ್ಯುತ್ ಹಿಡಿದಿಡುವ ಸಾಮರ್ಥ್ಯ, ಗ್ರಾಂಗೆ 210 ಫ್ಯಾರಡ್ ಸಿಗುತ್ತದೆ. ವೇಗವನ್ನು 100ಕ್ಕೆ ಏರಿಸಿದರೆ 60ಕ್ಕೆ ಇಳಿಯುತ್ತದೆ. ವೋಲ್ಟೇಜಿಗೆ ತಕ್ಕಂತೆ ಹರಿಯುವ ವಿದ್ಯುತ್ತನ್ನು ತೋರಿಸುವ, ಆಯತದಂತಿದ್ದ ರೇಖೆ ಎಲೆಯ ಹಾಗೆ ಓರೆಯಾಗುತ್ತದೆ. ಬರಿಯ ಇಂಗಾಲ ಇದೇ ವೇಗದಲ್ಲಿ 95 ಕೊಡುತ್ತಿತ್ತು. ಇದ್ದದ್ದನ್ನೂ ಕಳೆದುಕೊಂಡೆನೇ? ಎರಡು ತಿಂಗಳಿಂದ ಇದರಲ್ಲೇ ಮುಳುಗಿದ್ದೇನೆ.

ಉತ್ತರ 1:
ಮೊದಲು ಲೇಪನ ಲೋಹದ ಹಾಳೆಗೆ ಸರಿಯಾಗಿ ಅಂಟಿದೆಯೇ ನೋಡಿ. ಪುಡಿಯನ್ನು ಹಾಳೆಗೆ ಹಿಡಿಸುವ ಅಂಟು ಹೆಚ್ಚಾದರೂ ರೇಖೆ ಹೀಗೆಯೇ ಓರೆಯಾಗುತ್ತದೆ.

ಉತ್ತರ 2:
ಅಂಟಿನ ಮಾತು ಸರಿ. ಆದರೆ ಬರಿಯ ಇಂಗಾಲಕ್ಕೂ ಅದೇ ಅಂಟು ಬಳಸಿದ್ದರೆ ದೋಷ ಅಲ್ಲಿಲ್ಲ. ನಾನು ಇದೇ ಪುಡಿಯ ಜೊತೆ ವರ್ಷಗಟ್ಟಲೆ ಹೆಣಗಿದವನು. ನನಗೆ ಅನುಮಾನ ಆಕ್ಸೈಡಿನ ಪ್ರಮಾಣದ ಮೇಲೆ.

ಮ್ಯಾಂಗನೀಸ್ ಡೈಆಕ್ಸೈಡಿಗೆ ಲೆಕ್ಕದ ಪ್ರಕಾರ ಗ್ರಾಂಗೆ ಸುಮಾರು 1370 ಫ್ಯಾರಡ್ ಸಾಮರ್ಥ್ಯವಿದೆ. ಆ ಸಂಖ್ಯೆಗೆ ಮರುಳಾಗಿ ಎಲ್ಲರೂ ಹೆಚ್ಚು ಹೆಚ್ಚು ಸುರಿಯುತ್ತೇವೆ. ಆದರೆ ಅದು ವಿದ್ಯುತ್ತನ್ನು ಬಲು ಕಷ್ಟದಿಂದ ಹರಿಯಬಿಡುವ ವಸ್ತು. ಕೆಲಸ ಮಾಡುವುದು ಮೇಲಿನ ತೆಳು ಪದರ ಮಾತ್ರ. ಒಳಗಿನದು ಬರಿಯ ಹೊರೆ.

ಇನ್ನು ರಂಧ್ರಗಳ ವಿಷಯ. ಇಲ್ಲಿ ಇಂಗಾಲವೇ ಪರ್ಮ್ಯಾಂಗನೇಟನ್ನು ಅಪಕರ್ಷಿಸುತ್ತದೆ (ಎಲೆಕ್ಟ್ರಾನ್ ಕೊಟ್ಟು ಡೈಆಕ್ಸೈಡ್ ಆಗಿಸುತ್ತದೆ), ಆ ಕೆಲಸದಲ್ಲಿ ತಾನೂ ಸ್ವಲ್ಪ ಸವೆಯುತ್ತದೆ. ದ್ರಾವಣ ಮೊದಲು ತಾಗುವುದು ರಂಧ್ರದ ಬಾಯಿಗೆ, ಆಕ್ಸೈಡ್ ಕಟ್ಟುವುದೂ ಅಲ್ಲೇ. 1.5 ನ್ಯಾನೊಮೀಟರ್ ಬಾಯಿಯ ಸುತ್ತ ಅರ್ಧ ನ್ಯಾನೊಮೀಟರ್ ಪದರ ಕೂತರೆ ನಡುವೆ ಉಳಿಯುವುದು ಅರ್ಧ ನ್ಯಾನೊಮೀಟರ್ ಮಾತ್ರ. ನೀರನ್ನು ಮೈಗೆ ಸುತ್ತಿಕೊಂಡ ಸೋಡಿಯಂ ಅಯಾನಿನ ವ್ಯಾಸವೇ ಸುಮಾರು 0.7. ನಿಧಾನವಾಗಿ ಅಳೆದಾಗ ಅಯಾನುಗಳು ಹೇಗೋ ನುಸುಳಿಕೊಂಡು ಹೋಗುತ್ತವೆ, ಅವಸರ ಮಾಡಿದರೆ ಬಾಗಿಲಲ್ಲೇ ನಿಲ್ಲುತ್ತವೆ.

ಎರಡು ವಿಷಯ ತಿಳಿಸಿ: ಸೋಸಿದಾಗ ಕೆಳಗಿಳಿದ ನೀರಿಗೆ ಬಣ್ಣವಿತ್ತೇ? ಒಣಗಿದ ಪುಡಿಯನ್ನು ಬಿಳಿ ಕಾಗದದ ಮೇಲೆ ಉಜ್ಜಿದರೆ ಗುರುತು ಕಪ್ಪೋ, ಕಂದೋ?

ಕೇಳಿದವರು:
ಆರು ಗಂಟೆಯ ನಂತರವೂ ನೀರು ನೇರಳೆಯಾಗಿಯೇ ಇಳಿಯಿತು. ಈಗ ಉಜ್ಜಿ ನೋಡಿದೆ, ಗುರುತು ಕಂದು. ಗಾಳಿಯಲ್ಲಿ 700 ಡಿಗ್ರಿಗೆ ಸುಟ್ಟಾಗ ತೂಕದಲ್ಲಿ ನೂರಕ್ಕೆ 48 ಪಾಲು ಉಳಿದಿತ್ತು. ಅಂದರೆ ಆಕ್ಸೈಡ್ 48 ಎಂದು ಬರೆದುಕೊಂಡಿದ್ದೇನೆ.

ಉತ್ತರ 2:
ನೀರು ನೇರಳೆಯಾಗಿಯೇ ಇಳಿದರೆ ಪರ್ಮ್ಯಾಂಗನೇಟ್ ಹೆಚ್ಚಾಗಿದೆ ಎಂದರ್ಥ, ಕಂದು ಗುರುತು ಆಕ್ಸೈಡ್ ಹೊರಮೈಯಲ್ಲೇ ಕೂತಿರುವುದರ ಸುಳಿವು. ಆ 48ನ್ನು ಮಾತ್ರ ತಿದ್ದಿಕೊಳ್ಳಿ. ಆ ಶಾಖದಲ್ಲಿ ಉಳಿಯುವುದು ಡೈಆಕ್ಸೈಡ್ ಅಲ್ಲ. ಸ್ವಲ್ಪ ಆಮ್ಲಜನಕ ಬಿಟ್ಟುಕೊಟ್ಟು ಎರಡು ಮ್ಯಾಂಗನೀಸಿಗೆ ಮೂರು ಆಮ್ಲಜನಕದ ಆಕ್ಸೈಡ್ ಆಗಿರುತ್ತದೆ. ಹಿಂದಕ್ಕೆ ಲೆಕ್ಕ ಹಾಕಿದರೆ ನಿಮ್ಮ ಪುಡಿಯಲ್ಲಿ ಡೈಆಕ್ಸೈಡ್ ಸುಮಾರು 53 ಪಾಲು. ಅರ್ಧಕ್ಕಿಂತ ಹೆಚ್ಚು! ಇಂಗಾಲ ಉಸಿರಾಡುವುದಾದರೂ ಹೇಗೆ?

ಪರ್ಮ್ಯಾಂಗನೇಟನ್ನು ಕಾಲು ಭಾಗಕ್ಕೆ ಇಳಿಸಿ. ಗಂಟೆ ನೋಡಬೇಡಿ, ಬಣ್ಣ ನೋಡಿ: ನೇರಳೆ ಪೂರ್ತಿ ಮಾಯವಾದ ಕೂಡಲೇ ಸೋಸಿ. ಸಾಧ್ಯವಾದರೆ 2 ನ್ಯಾನೊಮೀಟರಿಗಿಂತ ಅಗಲ ರಂಧ್ರಗಳು ಹೆಚ್ಚಿರುವ ಇಂಗಾಲವನ್ನೇ ಆರಿಸಿಕೊಳ್ಳಿ, ಪದರ ಕೂತ ಮೇಲೂ ದಾರಿ ಉಳಿಯುತ್ತದೆ. ನಿಧಾನದ ಅಳತೆಯಲ್ಲಿ 210 ಬಾರದೆ 160 ಬಂದರೂ ಬೇಸರ ಬೇಡ. 100 ಮಿಲಿವೋಲ್ಟ್‌ನಲ್ಲಿ ಎಷ್ಟು ಉಳಿಯಿತು ಎಂಬುದನ್ನು ಮೊದಲು ಬರೆಯಿರಿ. ಜೊತೆಗೆ ಚದರ ಸೆಂಟಿಮೀಟರಿಗೆ ಎಷ್ಟು ಮಿಲಿಗ್ರಾಂ ಹಚ್ಚಿದ್ದೀರಿ ಎಂಬುದನ್ನೂ ತಿಳಿಸಿ. ಒಂದು ಮಿಲಿಗ್ರಾಂನಲ್ಲಿ ಚೆನ್ನಾಗಿ ಕಂಡದ್ದು ಹತ್ತಕ್ಕೆ ಏರಿಸಿದಾಗ ಹಾಗೆಯೇ ನಿಲ್ಲುವುದಿಲ್ಲ.

ಕೇಳಿದವರು:
ಹಚ್ಚಿದ್ದು 1.2 ಮಿಲಿಗ್ರಾಂ. ನಾಳೆ ಬೆಳಿಗ್ಗೆಯೇ ಹೊಸ ಪುಡಿಗೆ ಕೈ ಹಾಕುತ್ತೇನೆ ಸರ್, ಕಾಗದದ ಗುರುತಿನ ಚಿತ್ರವನ್ನೂ ಕಳುಹಿಸುತ್ತೇನೆ.