ಪ್ರೂಫ್ ಏನು?

ನಾನು ಹೇಳಿದ್ದು ಇಷ್ಟೇ: ಶಿವರಾತ್ರಿಗೆ ಶಿವಶಿವಾ ಅಂತ ಹೋಗಬೇಕಾದ ಚಳಿ ಈ ಸಲ ಸಂಕ್ರಾಂತಿಗೇ ಹೇಳದೆ ಕೇಳದೆ ಹೊರಟುಹೋಯಿತು.

"ಪ್ರೂಫ್ ಏನು?" ಅಂದ ಗೋಪಿ.

ಇದೊಂದು ಹೊಸ ಚಟ ಅವನಿಗೆ. ಫೋನು ನೋಡಿ ನೋಡಿ ಅಂಟಿದ್ದು. ಚಟ್ನಿಗೆ ಉಪ್ಪು ಕಡಿಮೆ ಅಂದರೂ ಪ್ರೂಫು, ಹೆಂಡತಿಗೆ ಮಂಡಿನೋವು ಅಂದರೂ ಪ್ರೂಫು.

ಮೇಷ್ಟ್ರು ಕಾಫಿ ಲೋಟ ಕಟ್ಟೆಯ ಮೇಲಿಟ್ಟರು. ಅಂದರೆ ಪಾಠ ಶುರು. "ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಿಂದ ಗಾಳಿ ಅಳೀತಿದ್ದಾರೆ ಕಣಯ್ಯಾ. ಆಗ ಹತ್ತು ಲಕ್ಷ ಪಾಲು ಗಾಳೀಲಿ ಕಾರ್ಬನ್ ಡೈ ಆಕ್ಸೈಡು 315 ಪಾಲು. ಈಗ 420 ದಾಟಿದೆ."

"ಇರಲಿ. ಸೆಖೆಗೂ ಅದಕ್ಕೂ ಏನು ಸಂಬಂಧ?"

"ಯೂನಿಸ್ ಫೂಟ್ ಅಂತ ಅಮೆರಿಕದ ಹೆಣ್ಣುಮಗಳು. ಗಾಜಿನ ಕೊಳವೇಲಿ ಆ ಅನಿಲ ತುಂಬಿ ಬಿಸಿಲಿಗಿಟ್ಟು, ಬರೀ ಗಾಳಿಗಿಂತ ಜಾಸ್ತಿ ಕಾಯುತ್ತೆ ಅಂತ 1856ರಲ್ಲೇ ತೋರಿಸಿದಳು."

"ನೂರಕ್ಕೆ ನೂರು ಖಾತ್ರೀನಾ?"

"ಮನುಷ್ಯನೇ ಮುಖ್ಯ ಕಾರಣ ಅನ್ನೋದಕ್ಕೆ ನೂರಕ್ಕೆ 95ರ ಮೇಲೆ ಖಾತ್ರಿ ಅಂತ 2013ರಲ್ಲಿ ಐಪಿಸಿಸಿ, ಅಂದ್ರೆ ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ, ಹೇಳಿತು. 2021ರಲ್ಲಿ, ಭೂಮಿ ಬಿಸಿಯಾಗಿರೋದು ಮನುಷ್ಯನಿಂದಲೇ, ಸಂಶಯವೇ ಇಲ್ಲ ಅಂತು."

"ನೋಡಿದ್ರಾ! ಮಾತು ಬದಲಾಯಿಸ್ತಾರೆ!"

ನನಗೆ ತಡೆಯಲಾಗಲಿಲ್ಲ. "ಲೋ, 36 ಗುಣದಲ್ಲಿ 19 ಕೂಡಿತು ಅಂತ ಮಗಳ ಮದುವೆ ಮಾಡಿದವನು ನೀನು. ಅಲ್ಲಿ ನೂರಕ್ಕೆ ಐವತ್ಮೂರು ಸಾಕಾಯ್ತು. ಭೂಮಿ ವಿಷಯಕ್ಕೆ ಮಾತ್ರ ನೂರೂ ಬೇಕಾ?"

"ಪ್ರಶ್ನೆ ಕೇಳೋದು ತಪ್ಪಾ? ಎಚ್. ನರಸಿಂಹಯ್ಯನವರೇ ಹೇಳಿಲ್ವಾ, ಪ್ರಶ್ನಿಸದೆ ಒಪ್ಪಬೇಡಿ ಅಂತ?"

"ಹೇಳಿದಾರೆ. ಉತ್ತರ ಕೊಟ್ಟಾಗ ಕಿವಿ ಮುಚ್ಕೊಳ್ಳಿ ಅಂದಿಲ್ಲ."

ಶೀನಪ್ಪನಿಗೆ ಇಂಥ ಜಗಳ ಆಗಿಬರುವುದಿಲ್ಲ. ಅವನು ಎಲ್ಲವನ್ನೂ ನಂಬುತ್ತಾನೆ, ಬಿಲ್ಲನ್ನೂ ಸಹ. "ಇಲ್ಲಿನ ಸೆಖೆ ಬಿಡ್ರೋ, ಮೇಲೆ ಹೋದಮೇಲಿನ ಯೋಚನೆ ಮಾಡಿ. ಆತ್ಮದ ತೂಕ 21 ಗ್ರಾಂ. ಅಮೆರಿಕದಲ್ಲೇ ಪ್ರೂವ್ ಆಗಿದೆ."

"ಏನು ಪ್ರೂವು?" ಮೇಷ್ಟ್ರು ಲೋಟ ಮತ್ತೆ ಕೆಳಗಿಟ್ಟರು. "ಮ್ಯಾಕ್‌ಡೂಗಲ್ ಅಂತ ಡಾಕ್ಟರು. ಸಾಯ್ತಾ ಇದ್ದ ಆರು ಜನರನ್ನ ತಕ್ಕಡಿ ಮೇಲೆ ಮಲಗಿಸಿದ. ಆ 21 ಗ್ರಾಂ ಬಂದಿದ್ದು ಒಬ್ಬನ ಲೆಕ್ಕದಲ್ಲಿ. 1907ರಲ್ಲಿ ಅದನ್ನೇ ಅಚ್ಚು ಹಾಕಿಸಿದ. 15 ನಾಯಿಗಳನ್ನೂ ತೂಗಿದ. ಒಂದರ ತೂಕವೂ ಇಳೀಲಿಲ್ಲ. ನಾಯಿಗೆ ಆತ್ಮ ಇಲ್ಲ ಅಂದ."

"ಹಾಗಾದ್ರೆ ಧರ್ಮರಾಯನ ಹಿಂದೆ ಸ್ವರ್ಗದ ಬಾಗಿಲ ತನಕ ಹೋದದ್ದು?" ಅಂದೆ.

"ಅದು ಯಮಧರ್ಮ ಕಣೋ, ನಾಯಿ ವೇಷ," ಅಂದ ಶೀನಪ್ಪ.

"ಅದಕ್ಕೇ ತೂಗೋಕೆ ಧೈರ್ಯ ಸಾಲಲಿಲ್ಲ ಡಾಕ್ಟರಿಗೆ."

ಎಲ್ಲರೂ ನಕ್ಕರು. ಗೋಪಿ ನಗಲಿಲ್ಲ. "ಏನೋ, ಇದಕ್ಕೆ ಪ್ರೂಫ್ ಕೇಳಲ್ವಾ?" ಅಂದೆ.

"ಇದಕ್ಕೆ ಪ್ರೂಫ್ ಇದೆ," ಅಂದ. "ಅಪ್ಪನ ಹತ್ತನೇ ದಿನ, ಪಶ್ಚಿಮವಾಹಿನೀಲಿ ಪಿಂಡ ಇಟ್ವಿ. ಅರಳೀಮರದ ತುಂಬ ಕಾಗೆ. ಒಂದೂ ಇಳೀಲಿಲ್ಲ. ಮುಕ್ಕಾಲು ಗಂಟೆ. ಬಿಸಿಲಿಗೆ ಬರಿಮೈ ಸುಡ್ತಾ ಇತ್ತು. ಅಣ್ಣ ಬಂದು, ಅಮ್ಮನ್ನ ನಾನು ನೋಡ್ಕೋತೀನಿ ಅಂದ. ಉಹೂಂ. ತಂಗಿಗೆ ಪಾಲು ಕೊಡ್ತೀವಿ ಅಂದ್ವಿ. ಉಹೂಂ. ಕೊನೆಗೆ ನಾನು, ಹಿತ್ತಲ ಹಲಸಿನ ಮರ ಕಡಿಯಲ್ಲಪ್ಪಾ ಅಂದೆ. ಪಟ್ ಅಂತ ಬಂತು."

ಶೀನಪ್ಪ ಕೈ ಮುಗಿದ. ಹಸಿದ ಕಾಗೆ ಎಷ್ಟು ಹೊತ್ತು ಕೂರುತ್ತೆ ಅಂತ ಮೇಷ್ಟ್ರು ಶುರುಮಾಡುವವರಿದ್ದರು. ನಾನು ಮೊಣಕೈಯಲ್ಲಿ ತಿವಿದೆ.

"ಮರ ಹೇಗಿದೆ ಈಗ?" ಶೀನಪ್ಪ ಕೇಳಿದ. ನಂಬುವವರು ಕೆಲವು ಸಲ ಕೇಳಬಾರದ್ದನ್ನೇ ಕೇಳಿಬಿಡುತ್ತಾರೆ.

ಗೋಪಿ ಸಾಂಬಾರಿನಲ್ಲಿ ನೆನೆದ ವಡೆಯನ್ನು ಚಮಚದಲ್ಲಿ ಒತ್ತುತ್ತ ಕೂತ. "ಅಳಿಯ ಕಾರು ತಗೊಂಡ. ನಿಲ್ಲಿಸೋಕೆ ಜಾಗ ಬೇಕಿತ್ತು."

ಹಲಸಿನ ನೆರಳು ಹೋದಮೇಲೆ ಅವನ ಹಿಂದಿನ ಕೋಣೆ ಕಾದ ಕಾವಲಿಯಾಗಿದೆ. ಅಲ್ಲಿ ಹೊಸದಾಗಿ ಏಸಿ ಹಾಕಿಸಿದ್ದು ನನಗೆ ಗೊತ್ತು. ಇವತ್ತಿನ ಮಟ್ಟಿಗೆ ಅದನ್ನು ಪ್ರೂಫ್ ಅಂತ ಎತ್ತಿ ತೋರಿಸಲು ಮನಸ್ಸು ಬರಲಿಲ್ಲ.

"ಮೂರು ವರ್ಷ ಆಯ್ತು," ಅಂದ ಗೋಪಿ. "ತಿಥಿ ದಿನ ತಾರಸಿ ಮೇಲೆ ಎಡೆ ಇಡ್ತೀನಿ. ಒಂದು ಕಾಗೇನೂ ಬರಲ್ಲ. ಅಪ್ಪನಿಗೆ ಕೋಪ."

"ಕೂರೋಕೆ ಮರ ಬೇಕಲ್ವೇನೋ ಕಾಗೆಗೆ," ಅಂದರು ಮೇಷ್ಟ್ರು ಮೆತ್ತಗೆ.

ಇಬ್ಬರಲ್ಲಿ ಯಾರೂ ಯಾರನ್ನೂ ಪ್ರೂಫ್ ಕೇಳಲಿಲ್ಲ.

ಅಷ್ಟರಲ್ಲಿ ಹೋಟೆಲಿನ ಕಾಂಪೌಂಡಿನ ಮೇಲೆ ಒಂದು ಬಂದು ಕೂತಿತು. ಕತ್ತು ಬೂದು, ಮೂತಿ ಓರೆ. ಗೋಪಿ ತನ್ನ ವಡೆ ಮುರಿದು, ಒಣಗಿದ್ದ ಅರ್ಧವನ್ನು ಕಟ್ಟೆಯ ತುದಿಗಿಟ್ಟ.

"ಯಾರೂ ಅಲ್ಲಾಡಬೇಡಿ," ಅಂದ ಪಿಸುದನಿಯಲ್ಲಿ.

ಮೇಷ್ಟ್ರಿಗೆ ಕೆಮ್ಮು ಬಂದಿತ್ತು. ಬಾಯಿಗೆ ಟವೆಲು ಒತ್ತಿಕೊಂಡು ತಡೆದರು.