ಮೂರು ಗೋಡೌನ್, ಆರು ತಿಂಗಳು, ಹೊಸ ಸಾಫ್ಟ್‌ವೇರ್: ಪ್ರಾಜೆಕ್ಟ್ ಎಲ್ಲಿಂದ ಶುರು ಮಾಡಬೇಕು?

ಅಕೌಂಟ್ಸ್_ಮೇಜು ಕೇಳಿದ್ದು:

ಪೈಪು, ಫಿಟಿಂಗ್ಸ್, ವೈರು, ಪೇಂಟ್ ಹೋಲ್‌ಸೇಲ್ ವ್ಯಾಪಾರ. ಒಂದೇ ಊರಲ್ಲಿ ಮೂರು ಗೋಡೌನ್, ಜಿಎಸ್‌ಟಿ ನಂಬರ್ ಒಂದೇ. ವರ್ಷಕ್ಕೆ 40 ಕೋಟಿ ಆಸುಪಾಸು ವಹಿವಾಟು, ಐಟಂ ಲಿಸ್ಟಿನಲ್ಲಿ ಸುಮಾರು 6,000 ಸಾಲು. ಸದ್ಯಕ್ಕೆ ಬಿಲ್ಲಿಂಗ್ ಒಂದು ಹಳೇ ಸಾಫ್ಟ್‌ವೇರಲ್ಲಿ, ಸ್ಟಾಕ್ ಎಕ್ಸೆಲ್‌ನಲ್ಲಿ, ಗೋಡೌನಿನ ಆವಕ-ಜಾವಕ ಪುಸ್ತಕದಲ್ಲಿ. ಮೂರನ್ನೂ ಒಂದೇ ಇಆರ್‌ಪಿಗೆ (ಖರೀದಿ, ಬಿಲ್ಲು, ಸ್ಟಾಕ್, ಲೆಕ್ಕ ಎಲ್ಲ ಒಂದೇ ಕಡೆ ನೋಡುವ ಸಾಫ್ಟ್‌ವೇರ್) ತರೋಣ ಅಂತ ಮಾಲೀಕರು ಹೇಳಿ, ಲೆಕ್ಕ ನೋಡುವ ನನಗೇ ಪ್ರಾಜೆಕ್ಟ್ ವಹಿಸಿದ್ದಾರೆ. ಏಪ್ರಿಲ್ 1ಕ್ಕೆ ಚಾಲೂ ಆಗಬೇಕಂತೆ, ಇನ್ನು ಆರು ತಿಂಗಳಿದೆ. ವೆಂಡರ್ ಬರುವ ಸೋಮವಾರವೇ ಕಿಕ್‌ಆಫ್ (ಪ್ರಾಜೆಕ್ಟ್ ಶುರುವಿನ) ಮೀಟಿಂಗ್ ಇಟ್ಟಿದ್ದಾರೆ. ಆ ಮೀಟಿಂಗಿಗೆ ಮುಂಚೆ ನಾನು ಏನೇನು ಸಿದ್ಧ ಮಾಡಿಕೊಳ್ಳಬೇಕು? ಗ್ಯಾಂಟ್ ಚಾರ್ಟ್ (ಯಾವ ಕೆಲಸ ಯಾವಾಗ ಅಂತ ತೋರಿಸುವ ಪಟ್ಟಿ) ಹಾಕೋದು ಗೊತ್ತು. ಅದಕ್ಕಿಂತ ಮುಂಚಿನ ಹೆಜ್ಜೆಗಳು ಗೊತ್ತಿಲ್ಲ.

---

ಒಂದುಪುಟ ಉತ್ತರ:

ಮೊದಲು ಆ ಮೀಟಿಂಗನ್ನು ಎರಡು ವಾರ ಮುಂದೂಡಿ. ಕಿಕ್‌ಆಫ್ ಅನ್ನೋದು ತೀರ್ಮಾನ ತಗೊಳ್ಳೋ ಸಭೆ ಅಲ್ಲ, ಆಗಲೇ ಆಗಿರೋ ತೀರ್ಮಾನವನ್ನು ಎಲ್ಲರ ಎದುರು ಓದಿ ಹೇಳೋ ಸಭೆ. ಏನೂ ತೀರ್ಮಾನ ಆಗದೆ ಕೂತರೆ ವೆಂಡರ್ ತಂದ ಸ್ಲೈಡೇ ನಿಮ್ಮ ಪ್ಲಾನ್ ಆಗಿಬಿಡುತ್ತೆ.

ಪಿಎಂಬಾಕ್ ಅನ್ನೋ ಪ್ರಾಜೆಕ್ಟ್ ನಿರ್ವಹಣೆಯ ಕೈಪಿಡಿಯ ಆರನೇ ಆವೃತ್ತಿಯಲ್ಲಿ ಒಟ್ಟು 49 ಪ್ರಕ್ರಿಯೆಗಳಿದ್ದವು. ಅದರಲ್ಲಿ 'ಆರಂಭ'ದ ಗುಂಪಿಗೆ ಬರುತ್ತಿದ್ದದ್ದು ಎರಡೇ ಎರಡು: ಚಾರ್ಟರ್ ಬರೆಯೋದು, ಪ್ರಾಜೆಕ್ಟ್ ಯಾರ್‍ಯಾರಿಗೆ ತಟ್ಟುತ್ತೆ ಅಂತ ಗುರುತಿಸೋದು. ನಿಮ್ಮ ಎರಡು ವಾರಕ್ಕೆ ಅಷ್ಟೇ ಸಾಕು. ಚಾರ್ಟರ್ ಅಂದ ತಕ್ಷಣ ಗಾಬರಿ ಬೇಡ, ಒಂದೇ ಪುಟ. ಅದನ್ನು ನೀವೇ ಬರೆದು ಮಾಲೀಕರ ಸಹಿ ಹಾಕಿಸಿ. ವೆಂಡರ್ ಕೈಯಲ್ಲಿ ಬರೆಸಬೇಡಿ. ನಿಮ್ಮ ಕೇಸಿಗೆ ಹೀಗಿರಬಹುದು:

> ಯಾಕೆ: ಗಿರಾಕಿಗೆ "ಮಾಲು ಇದೆ" ಅಂತ ಹೇಳುವ ಮುಂಚೆ ಮೂರು ಗೋಡೌನಿಗೂ ಫೋನ್ ಮಾಡಬೇಕಾಗಿದೆ. ಅದು ನಿಲ್ಲಬೇಕು.
> ಗೆದ್ದೆವು ಅಂತ ಗೊತ್ತಾಗೋದು ಹೇಗೆ: ಯಾವುದೇ 100 ಐಟಂ ಎಣಿಸಿದರೂ 97ರಲ್ಲಿ ಸಿಸ್ಟಮ್‌ನ ಲೆಕ್ಕವೂ ಕಪಾಟಿನ ಲೆಕ್ಕವೂ ತಾಳೆ ಆಗಬೇಕು.
> ಒಳಗೆ: ಖರೀದಿ, ಬಿಲ್ಲಿಂಗ್, ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವ ಬಿಲ್), ಮೂರೂ ಗೋಡೌನಿನ ಸ್ಟಾಕ್, ಉದ್ದರಿ ಬಾಕಿ.
> ಹೊರಗೆ: ಸಂಬಳದ ಲೆಕ್ಕ, ಸೇಲ್ಸ್‌ನವರ ಮೊಬೈಲ್ ಆ್ಯಪ್, ಹಿಂದಿನ ವರ್ಷಗಳ ಬಿಲ್ಲುಗಳನ್ನು ಹೊಸದಕ್ಕೆ ತರುವುದು.
> ಕೊನೆ ಮಾತು ಯಾರದು: ಮಾಲೀಕರು. ರೂ. 25,000 ಒಳಗಿನ ಬದಲಾವಣೆಗೆ ಪ್ರಾಜೆಕ್ಟ್ ನೋಡುವವರು.
> ಮೊದಲು ಬಿಟ್ಟುಕೊಡುವುದು: ತಾರೀಕು. ಆಮೇಲೆ ದುಡ್ಡು. ಸ್ಟಾಕ್ ತಾಳೆಯನ್ನು ಬಿಡುವಂತಿಲ್ಲ.

ಇದರಲ್ಲಿ ಎಲ್ಲರೂ ಹಾರಿಸಿಬಿಡೋದು 'ಹೊರಗೆ' ಅನ್ನೋ ಸಾಲು. ಜಗಳ ಬರೋದೂ ಅಲ್ಲೇ. ನವೆಂಬರಲ್ಲಿ ಯಾರೋ ಬಂದು "ಹೆಂಗೂ ಮಾಡ್ತಿದೀರಲ್ಲ, ಸಂಬಳಾನೂ ಸೇರಿಸಿಬಿಡಿ" ಅಂತಾರೆ. ಆಗ ಈ ಹಾಳೆ ತೋರಿಸಬೇಕು.

ಕೊನೇ ಸಾಲಿಗೆ ಮಾಲೀಕರನ್ನು ಕೂರಿಸಿ ಉತ್ತರ ಬಿಡಿಸಿ. ಮೂರೂ ಬೇಕು ಅಂತಾರೆ. "ಫೆಬ್ರವರಿ 20ಕ್ಕೆ ಸ್ಟಾಕ್ ತಾಳೆ ಆಗಿಲ್ಲ ಅಂತಿಟ್ಟುಕೊಳ್ಳಿ. ನಿಲ್ಲಿಸೋಣವೋ, ಮುಂದುವರಿಯೋಣವೋ?" ಅಂತ ಕೇಳಿದರೆ ನಿಜವಾದ ಉತ್ತರ ಬರುತ್ತೆ.

ಇನ್ನೊಂದು. ಈ ವಾರವೇ 100 ಐಟಂ ಆರಿಸಿ (ಜೋರಾಗಿ ಓಡೋದು 50, ಉಳಿದದ್ದು 50), ಕೈಯಲ್ಲಿ ಎಣಿಸಿ, ಎಕ್ಸೆಲ್ ಜೊತೆ ಹೋಲಿಸಿ. ಎಷ್ಟು ತಾಳೆ ಆಯಿತೋ ಆ ಸಂಖ್ಯೆಯನ್ನು ಚಾರ್ಟರಿನಲ್ಲಿ ಬರೆಯಿರಿ. ಈಗಿನ ಸ್ಥಿತಿ ಬರೆದಿಡದಿದ್ದರೆ, ಹೊಸ ಸಿಸ್ಟಮ್ ಬಂದಮೇಲೆ "ಮುಂಚೆನೇ ಚೆನ್ನಾಗಿತ್ತು" ಅನ್ನೋ ಮಾತಿಗೆ ಉತ್ತರ ಇರಲ್ಲ.

---

ಕಿರ್ದಿಖಾತೆ ಉತ್ತರ:

ಚಾರ್ಟರ್ ಸರಿ. ಆದರೆ ಏಪ್ರಿಲ್ 1 ಅನ್ನೋ ತಾರೀಕನ್ನು ಯಾರೂ ಪ್ರಶ್ನೆ ಮಾಡಲಿಲ್ಲವಲ್ಲ!

ಆ ದಿನ ಆಕರ್ಷಕವಾಗಿ ಕಾಣೋದು ನಿಜ: ಹೊಸ ವರ್ಷ, ಹೊಸ ಬಿಲ್ ಸೀರೀಸ್, ಆರಂಭದ ಶಿಲ್ಕು ಹಾಕಿದರೆ ಆಯಿತು. ಆದರೆ ಮಾರ್ಚಿನಲ್ಲಿ ನಿಮ್ಮ ಟೇಬಲ್ ಮೇಲೆ ಏನಿರುತ್ತೆ ನೋಡಿ. ವರ್ಷದ ಕೊನೆಯ ಟಾರ್ಗೆಟ್ ಅಂತ ಕಂಪನಿಗಳು ತಳ್ಳೋ ಮಾಲು, ವಸೂಲಿ, ಸ್ಟಾಕ್ ಎಣಿಕೆ, ಆಡಿಟರ್‌ಗೆ ಕೊಡೋ ಕಾಗದ. ಹೊಸ ಸಿಸ್ಟಮ್ ಕಲಿಯಬೇಕಾದವರೂ ಇದೇ ಜನ. ಏಪ್ರಿಲ್ 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ ಕೊಡೋ ರಿಟರ್ನ್), 20ಕ್ಕೆ 3ಬಿ (ತೆರಿಗೆ ಕಟ್ಟೋ ರಿಟರ್ನ್). ಹೊಸದರಲ್ಲಿ ಮೊದಲ ವಾರದ ತಪ್ಪುಗಳನ್ನು ತಿದ್ದುತ್ತಾ, ಹಳೇದರಲ್ಲಿ ಮಾರ್ಚ್ ರಿಟರ್ನ್ ತುಂಬಬೇಕು. ಇಷ್ಟಾದ ಮೇಲೂ ಆಡಿಟ್ ಮುಗಿದ ಲೆಕ್ಕ ಕೈಗೆ ಬರೋದು ತಿಂಗಳುಗಟ್ಟಲೆ ಕಳೆದು. ಹಾಗಾಗಿ ಏಪ್ರಿಲ್ 1ರ ಆರಂಭದ ಶಿಲ್ಕು ಹೇಗಿದ್ದರೂ ಮತ್ತೆ ತಿದ್ದಲೇಬೇಕು.

ವರ್ಷದ ಮಧ್ಯೆ ಬದಲಾಯಿಸಿದರೆ ಬಿಲ್ ನಂಬರ್ ಗೊಂದಲ ಆಗುತ್ತೆ ಅನ್ನೋ ಭಯ ಬೇಡ. ಜಿಎಸ್‌ಟಿ ನಿಯಮ 46ರ ಪ್ರಕಾರ ಬಿಲ್ ನಂಬರ್ 16 ಅಕ್ಷರ ಮೀರಬಾರದು, ಆ ಹಣಕಾಸು ವರ್ಷದಲ್ಲಿ ಅದೇ ನಂಬರ್ ಮತ್ತೆ ಬರಬಾರದು, ಅನುಕ್ರಮವಾಗಿ ಇರಬೇಕು. ಒಂದಕ್ಕಿಂತ ಹೆಚ್ಚು ಸೀರೀಸ್ ಇಟ್ಟುಕೊಳ್ಳಲು ಅವಕಾಶ ಇದೆ. ಹೊಸ ಸಿಸ್ಟಮ್‌ಗೆ ಬೇರೆ ಮುನ್ನಕ್ಷರ ಕೊಟ್ಟರೆ ಮುಗಿಯಿತು. ಕೊಡದಿದ್ದರೆ ಕಷ್ಟ: ನಿಮ್ಮದು 5 ಕೋಟಿ ದಾಟಿದ ವಹಿವಾಟು, ಇ-ಇನ್‌ವಾಯ್ಸ್ ಕಡ್ಡಾಯ. ಮೂರೂ ಗೋಡೌನಿಗೆ ಜಿಎಸ್‌ಟಿ ನಂಬರ್ ಒಂದೇ ಆಗಿರೋದರಿಂದ ಅದೇ ವರ್ಷ ಅದೇ ಬಿಲ್ ನಂಬರ್ ಎರಡನೇ ಸಲ ಹೋದರೆ ಪೋರ್ಟಲ್ ತಿರಸ್ಕರಿಸುತ್ತೆ, ಲಾರಿ ಗೇಟಲ್ಲೇ ನಿಲ್ಲುತ್ತೆ.

ನನ್ನ ಲೆಕ್ಕದಲ್ಲಿ ಚಿಕ್ಕ ಗೋಡೌನ್ ಒಂದನ್ನೇ ಫೆಬ್ರವರಿ 1ಕ್ಕೆ ಚಾಲೂ ಮಾಡಿ. ಒಂದು ಹೊಸದರಲ್ಲಿ, ಎರಡು ಹಳೇದರಲ್ಲಿ ಇರೋವಾಗ ಗೋಡೌನಿಂದ ಗೋಡೌನಿಗೆ ಹೋಗೋ ಮಾಲನ್ನು ಎರಡೂ ಕಡೆ ಬರೆಯಬೇಕು. ಇದನ್ನು ಜನ ಮೂರು ವಾರಕ್ಕಿಂತ ಹೆಚ್ಚು ಶಿಸ್ತಾಗಿ ಮಾಡಲ್ಲ. ಆದ್ದರಿಂದ ಆ ಅವಧಿಗೆ ಚಿಕ್ಕ ಗೋಡೌನಿಗೆ ವಾರಕ್ಕೆ ಎರಡೇ ದಿನ ವರ್ಗಾವಣೆ ಅಂತ ಕಟ್ಟು ಹಾಕಿ. ಫೆಬ್ರವರಿ ಕೊನೆಗೆ 100 ಐಟಂ ಎಣಿಸಿ. ತಾಳೆ ಆದರೆ ಮಾರ್ಚ್ ಶುರುವಿಗೇ ಉಳಿದೆರಡನ್ನೂ ತಂದುಬಿಡಿ. ಆಗದಿದ್ದರೆ ಚಿಕ್ಕದನ್ನೂ ಹಳೇದಕ್ಕೆ ವಾಪಸ್ ತಂದು, ಮಾರ್ಚ್ ಗಲಾಟೆ ಕಳೆದು ಮೇ 1ಕ್ಕೆ ಮೂರನ್ನೂ ಒಟ್ಟಿಗೆ ತನ್ನಿ.

---

ತೂಕದಕಲ್ಲು ಉತ್ತರ:

ತಾರೀಕನ್ನು ನಿರ್ಧರಿಸೋದು ಸಾಫ್ಟ್‌ವೇರ್ ಅಲ್ಲ, ನಿಮ್ಮ 6,000 ಸಾಲು. ಅದನ್ನು ಮೊದಲು ತೆರೆದು ನೋಡಿ.

ಹಾರ್ಡ್‌ವೇರ್ ವ್ಯಾಪಾರದ ಐಟಂ ಲಿಸ್ಟ್ ಹೇಗಿರುತ್ತೆ ಅಂದರೆ, 'ಸಿಪಿವಿಸಿ ಎಲ್ಬೋ 1/2', 'ಎಲ್ಬೋ 15 ಎಂಎಂ', 'ಎಲ್ಬೋ ಅರ್ಧ ಇಂಚು' ಅಂತ ಮೂರು ಹೆಸರು, ಮಾಲು ಒಂದೇ. ಮೂರರಲ್ಲೂ ಸ್ಟಾಕ್ ಹಂಚಿಹೋಗಿರುತ್ತೆ, ಒಂದರಲ್ಲಿ ಮೈನಸ್ ಕೂಡ ಇರುತ್ತೆ. ಇನ್ನು ಅಳತೆ. ವೈರನ್ನು 90 ಮೀಟರ್ ಕಾಯಿಲ್ ಲೆಕ್ಕದಲ್ಲಿ ತಗೊಂಡು ಮೀಟರ್ ಲೆಕ್ಕದಲ್ಲಿ ಮಾರಿದರೆ, ಲಿಸ್ಟಿನಲ್ಲಿರೋ '4' ಅಂದರೆ ನಾಲ್ಕು ಕಾಯಿಲೋ ನಾಲ್ಕು ಮೀಟರೋ? ಎಕ್ಸೆಲ್ ಬರೆಯೋರಿಗೆ ಅದು ಬಾಯಲ್ಲಿ ಗೊತ್ತು. ಇಆರ್‌ಪಿಗೆ ಹೇಳಿಕೊಡಬೇಕು: ಮೂಲ ಅಳತೆ ಮೀಟರ್, 1 ಕಾಯಿಲ್ = 90 ಮೀಟರ್. ಮೊಳೆ ಕೆಜಿ, ಪೇಂಟ್ ಡಬ್ಬ, ಪೈಪು ನಗ. ಮೂಲ ಅಳತೆಯನ್ನು ಒಮ್ಮೆ ವ್ಯವಹಾರ ಶುರುವಾದ ಮೇಲೆ ಬದಲಾಯಿಸಲು ಹೆಚ್ಚಿನ ಸಿಸ್ಟಮ್‌ಗಳು ಬಿಡಲ್ಲ. ಆಮೇಲೆ ಹೊಸ ಐಟಂ ಕೋಡೇ ಮಾಡಬೇಕಾಗುತ್ತೆ.

ಈಗ ಲೆಕ್ಕ. ಹೆಸರು, ಅಳತೆ, ಆರು ಅಂಕಿಯ ಎಚ್‌ಎಸ್‌ಎನ್ (ಜಿಎಸ್‌ಟಿಗೆ ಮಾಲಿನ ಬಗೆ ಗುರುತಿಸೋ ಕೋಡ್), ತೆರಿಗೆ ದರ ಎಲ್ಲ ನೋಡಿ ಸರಿಮಾಡಲು ಒಬ್ಬರಿಗೆ ದಿನಕ್ಕೆ 120 ಸಾಲು ಅಂತ ಹಿಡಿದರೆ 6,000ಕ್ಕೆ 50 ದಿನ. ಇಬ್ಬರಾದರೆ 25. ಇದು ಅಂದಾಜು, ಆದ್ದರಿಂದ ಒಂದೇ ಸಂಖ್ಯೆ ಹೇಳಬೇಡಿ. ಎಲ್ಲ ಸಲೀಸಾದರೆ 3 ವಾರ, ಸಾಮಾನ್ಯಕ್ಕೆ 5, ಕೆಟ್ಟರೆ 10 ಅಂತಿಟ್ಟುಕೊಳ್ಳಿ. ಮೂರು ಅಂದಾಜನ್ನು ಸೇರಿಸಿ ಸರಾಸರಿ ತೆಗೆಯೋ ಪರ್ಟ್ ಸೂತ್ರದಂತೆ (3 + 4×5 + 10) ÷ 6 = 5.5 ವಾರ. ಪ್ಲಾನಿನಲ್ಲಿ ಐದೂವರೆ ಬರೆದು, ಮಾಲೀಕರಿಗೆ ಹತ್ತರ ವಿಷಯವನ್ನೂ ಹೇಳಿಡಿ. ಅದಕ್ಕೂ ಮುಂಚೆ ಒಂದು ಕೆಲಸ: 200 ಸಾಲು ತಗೊಂಡು ಒಂದೂವರೆ ದಿನ ನಿಜವಾಗಿ ಮಾಡಿ ನೋಡಿ. 120 ಆಗಲ್ಲ, 70 ಆಗುತ್ತೆ ಅಂತ ಗೊತ್ತಾದರೆ ಈಗಲೇ ಗೊತ್ತಾಗಲಿ. ಎರಡು ವರ್ಷದಿಂದ ಅಲ್ಲಾಡದ ಐಟಂಗಳನ್ನು ತೆಗೆದಿಟ್ಟರೆ ಪಟ್ಟಿಯೂ ಚಿಕ್ಕದಾಗುತ್ತೆ.

ಜನರ ಬಗ್ಗೆ ಎರಡೇ ಮಾತು. ರಾಸಿ (RACI) ಚಾರ್ಟ್ ಹಾಕಿ, ಅಂದರೆ ಯಾವ ಕೆಲಸ ಯಾರು ಮಾಡ್ತಾರೆ, ಹೊಣೆ ಯಾರದು, ಯಾರನ್ನು ಕೇಳಬೇಕು, ಯಾರಿಗೆ ತಿಳಿಸಬೇಕು ಅನ್ನೋ ಪಟ್ಟಿ. ಆದರೆ 'ಗೋಡೌನ್ ವಿಭಾಗ' ಅಂತ ಬರೆಯಬೇಡಿ, ಆಳಿನ ಹೆಸರು ಬರೆಯಿರಿ. ಒಂದು ಕೆಲಸಕ್ಕೆ ಕೊನೆಯ ಹೊಣೆ ಒಬ್ಬರದೇ. ಮತ್ತೆ, ಈ ಸಿಸ್ಟಮ್ ಬಂದರೆ ಕಳೆದುಕೊಳ್ಳೋದು ಯಾರು ಅಂತ ಯೋಚಿಸಿ. ಮೂರೂ ಗೋಡೌನಿನ ಸ್ಟಾಕ್ ತಲೆಯಲ್ಲೇ ಇಟ್ಟುಕೊಂಡಿರೋ ಹಿರಿಯರೊಬ್ಬರು ಎಲ್ಲ ಕಡೆ ಇರ್ತಾರೆ. ಅವರನ್ನು ಕಿಕ್‌ಆಫ್‌ಗೆ ಕರೆದರೆ ಸಾಲದು, ಐಟಂ ಹೆಸರು ತಿದ್ದೋ ಕೆಲಸದಲ್ಲಿ ಅವರ ಒಪ್ಪಿಗೆಯೇ ಕೊನೆ ಅಂತ ಮಾಡಿ. ಅವರಷ್ಟು ಚೆನ್ನಾಗಿ ಎಲ್ಬೋ ಗುರುತಿಸೋರು ಬೇರೆ ಇಲ್ಲ.

---

ಅಕೌಂಟ್ಸ್_ಮೇಜು:

ಮೀಟಿಂಗ್ ಮುಂದೂಡಿ ಅಂತ ಮಾಲೀಕರಿಗೆ ಹೇಳಿದೆ. "ಕೆಲಸ ಶುರುವಾಗಲಿ, ಉಳಿದದ್ದು ಹೋಗ್ತಾ ಹೋಗ್ತಾ ನೋಡೋಣ" ಅಂದರು. ವೆಂಡರ್ ಆರ್ಡರ್ ಜೊತೆಗೇ 50% ಅಡ್ವಾನ್ಸ್, ಇನ್‌ಸ್ಟಾಲ್ ಆದಮೇಲೆ ಉಳಿದ 50% ಕೇಳುತ್ತಿದ್ದಾರೆ. ಇದಕ್ಕೆ ಏನು ಹೇಳಲಿ?

---

ಒಂದುಪುಟ:

ಹೋಗ್ತಾ ನೋಡೋಣ ಅಂತ ಶುರುವಾದದ್ದಕ್ಕೆ ಸಿಡ್ನಿ ಒಪೇರಾ ಹೌಸ್ ದೊಡ್ಡ ಉದಾಹರಣೆ. ಚಾವಣಿಯನ್ನು ಹೇಗೆ ಕಟ್ಟೋದು ಅಂತ ತೀರ್ಮಾನ ಆಗದೆಯೇ, ಸರ್ಕಾರದ ಅವಸರಕ್ಕೆ 1959ರ ಮಾರ್ಚ್‌ನಲ್ಲಿ ಬುನಾದಿ ಕೆಲಸ ಹಿಡಿದರು. ಆಮೇಲೆ ಚಾವಣಿಯ ಭಾರಕ್ಕೆ ಆ ಕಂಬಗಳು ಸಾಲದೆ ಮತ್ತೆ ಕಟ್ಟಬೇಕಾಯಿತು. 1963ಕ್ಕೆ ಮುಗಿಯಬೇಕಿದ್ದದ್ದು 1973ಕ್ಕೆ, 70 ಲಕ್ಷ ಡಾಲರ್ ಅಂದಾಜಿನದು 10.2 ಕೋಟಿಗೆ. (ಕಟ್ಟಡ ಸುಂದರವಾಗಿದೆ, ನಿಜ. ನಮ್ಮ ಇಆರ್‌ಪಿಯನ್ನು ನೋಡಲು ಯಾರೂ ಟಿಕೆಟ್ ತಗೊಂಡು ಬರಲ್ಲ.)

ಮಾಲೀಕರಿಗೆ ಹೀಗೆ ಹೇಳಿ: ಕೆಲಸ ಸೋಮವಾರವೇ ಶುರುವಾಗುತ್ತೆ, ವೆಂಡರ್ ಮೀಟರ್ ಮಾತ್ರ ಎರಡು ವಾರ ತಡವಾಗಿ ಓಡುತ್ತೆ. ಐಟಂ ಲಿಸ್ಟ್, 100 ಐಟಂ ಎಣಿಕೆ, ಚಾರ್ಟರ್ ಇವೆಲ್ಲ ಕೆಲಸವೇ.

ಅಡ್ವಾನ್ಸ್ ವಿಷಯಕ್ಕೆ, 'ಇನ್‌ಸ್ಟಾಲ್' ಅನ್ನೋ ಪದಕ್ಕೆ ದುಡ್ಡು ಕೊಡಬೇಡಿ. ಅದು ಒಂದು ಮಧ್ಯಾಹ್ನದ ಕೆಲಸ. 20% ಆರ್ಡರಿಗೆ, 20% ನಿಮ್ಮದೇ 200 ಐಟಂ, 20 ಗಿರಾಕಿ ಹಾಕಿ ನಿಮ್ಮ ಕಣ್ಣೆದುರೇ ಬಿಲ್, ವಾಪಸ್ ಬಂದ ಮಾಲು, ಗೋಡೌನ್ ವರ್ಗಾವಣೆ ಮಾಡಿ ತೋರಿಸಿದಾಗ, 30% ಮೊದಲ ಗೋಡೌನ್ ಎರಡು ವಾರ ಓಡಿದಾಗ, 30% ಮೂರೂ ಸೇರಿ ಒಂದು ತಿಂಗಳ ಜಿಎಸ್‌ಟಿಆರ್-1 ಅದರಿಂದಲೇ ತುಂಬಿದಾಗ. ಚೌಕಾಸಿಯಲ್ಲಿ ಅಂಕಿ ಹೆಚ್ಚುಕಮ್ಮಿ ಆಗಲಿ, ಆದರೆ ಕೊನೇ ಕಂತು ನಿಮ್ಮ ಕೈಯಲ್ಲೇ ಇರಲಿ.

ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಆಡಿಟ್ ಟ್ರೇಲ್ ಬಗ್ಗೆಯೂ ಈಗಲೇ ಬರೆಸಿಕೊಳ್ಳಿ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಇರಲೇಬೇಕು, ಅದನ್ನು ಆಫ್ ಮಾಡಲು ಆಗಬಾರದು. "ಅದು ಬೇರೆ ಮಾಡ್ಯೂಲ್, ಬೇರೆ ದುಡ್ಡು" ಅನ್ನೋ ಮಾತು ಫೆಬ್ರವರಿಯಲ್ಲಿ ಕೇಳೋದು ಬೇಡ.

---

ಕಿರ್ದಿಖಾತೆ:

ಕಿಕ್‌ಆಫ್ ದಿನ ವೆಂಡರ್ ಸ್ಲೈಡ್ ಮುಗಿದಮೇಲೆ 45 ನಿಮಿಷ ಉಳಿಸಿಕೊಂಡು ಪ್ರೀ-ಮಾರ್ಟಮ್ ಮಾಡಿ. ಗ್ಯಾರಿ ಕ್ಲೈನ್ ಅನ್ನೋ ಮನಶ್ಶಾಸ್ತ್ರಜ್ಞರು 2007ರಲ್ಲಿ ಬರೆದು ಜನಪ್ರಿಯ ಮಾಡಿದ ವಿಧಾನ. "ಇವತ್ತು ಜೂನ್ 1. ಪ್ರಾಜೆಕ್ಟ್ ಮಕಾಡೆ ಮಲಗಿದೆ. ಯಾಕೆ?" ಅಂತ ಕೇಳಿ, ಎಲ್ಲರಿಗೂ ಚೀಟಿ ಕೊಟ್ಟು ಐದು ನಿಮಿಷ ಸುಮ್ಮನೆ ಬರೆಸಿ. ಮಾತಾಡಿಸಿದರೆ ಮಾಲೀಕರ ಮುಂದೆ ಯಾರೂ ಬಾಯಿಬಿಡಲ್ಲ, ಅದಕ್ಕೇ ಚೀಟಿ. ಮಾಲು ಇಳಿಸೋ ಹುಡುಗ "ಎರಡನೇ ಗೋಡೌನಲ್ಲಿ ಮಧ್ಯಾಹ್ನ ಕರೆಂಟ್ ಇರಲ್ಲ, ನೆಟ್ ಸಿಗಲ್ಲ" ಅಂತ ಬರೆದರೆ, ಅದೊಂದು ಚೀಟಿಗೇ ಮೀಟಿಂಗಿನ ಖರ್ಚು ಹುಟ್ಟಿತು. ಪ್ರತಿ ಚೀಟಿಗೂ ಒಂದು ಹೆಸರು, ಒಂದು ತಾರೀಕು ಹಾಕಿ ಗೋಡೆಗೆ ಅಂಟಿಸಿ.

ಮರೆತಿದ್ದೆ: 'ಹಿಂದಿನ ವರ್ಷಗಳ ಬಿಲ್ಲು ಹೊರಗೆ' ಅಂತ ಚಾರ್ಟರಿನಲ್ಲಿ ಬರೆದರೆ, ಅವನ್ನು ನೋಡೋಕೆ ಹಳೇ ಸಾಫ್ಟ್‌ವೇರ್ ಉಳಿಯಬೇಕು. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್‌ನ ಕೊನೇ ದಿನದಿಂದ 72 ತಿಂಗಳು ಇಡಬೇಕು, ಕಂಪನಿಯ ಲೆಕ್ಕಪುಸ್ತಕವಾದರೆ 8 ವರ್ಷ. ಹಳೇ ಲೈಸೆನ್ಸ್ ನವೀಕರಿಸದಿದ್ದರೂ ಓದಲು ತೆರೆಯುತ್ತಾ ಅಂತ ಆ ಕಂಪನಿಗೆ ಫೋನ್ ಮಾಡಿ ಕೇಳಿ. ತೆರೆಯಲ್ಲ ಅಂದರೆ ಆ ನವೀಕರಣದ ದುಡ್ಡನ್ನೂ ಬಜೆಟ್‌ನಲ್ಲಿ ಹಾಕಿ.